ಚನ್ನವ್ವ ಆಯಿ ನನ್ನ ಮಣಿಕಟ್ಟು ಹಿಡಿದಾಗ

ಸಾವಿರದ ಒಂಬೈನೂರ ಇಪ್ಪತ್ತಾರನೇ ಇಸವಿಯ ಮಾತು. ಹೋಳಿ ಹುಣ್ಣಿಮೆ ಆಗಷ್ಟೇ ಮುಗಿದಿತ್ತು. ನಮ್ಮ ಕ್ರೈಸ್ತರ ಉಪವಾಸದ ದಿನಗಳು ನಡೆದಿದ್ದವು. ನಾನು ಆಗ ಖಾನಾಪುರದ ಒಂದು ದವಾಖಾನೆಯಲ್ಲಿ ಹೆರಿಗೆಯ ನರ್ಸು. ವಯಸ್ಸು ಚಿಕ್ಕದು, ಸಿಟ್ಟು ದೊಡ್ಡದು. ಈಗ ವಯಸ್ಸು ಎಪ್ಪತ್ತು ದಾಟಿದೆ. ಸಿಟ್ಟಿನ ವಿಷಯ ನೀವು ನನ್ನ ಸೊಸೆಯನ್ನೇ ಕೇಳಬೇಕು.

ನನ್ನ ತವರು ಬೆಳಗಾವಿಯ ಕ್ಯಾಂಪು, ಅಂದರೆ ದಂಡಿನ ಪ್ರದೇಶ. ತಂದೆಯದು ಪಾವು, ಅಂದರೆ ಬ್ರೆಡ್ಡು, ಸುಡುವ ಭಟ್ಟಿ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಮರಾಠಿ, ಸಾಲೆಯಲ್ಲಿ ಕನ್ನಡ, ಹೀಗೆ ಮೂರನ್ನೂ ಕಲಬೆರಕೆ ಮಾಡಿಕೊಂಡು ಬೆಳೆದವಳು ನಾನು. ತಂದೆ ದಿನಾ ಹಿಟ್ಟು ನಾದಿ ಮುಚ್ಚಿಡುವ ಮೊದಲು ಅದರ ಮೇಲೆ ಬೆರಳಿನಿಂದ ಒಂದು ಶಿಲುಬೆಯ ಗುರುತು ಎಳೆಯುತ್ತಿದ್ದರು. ತಿನ್ನುವವರು ಯಾವ ಜಾತಿಯವರೋ ಏನೋ, ಯಾರಿಗೂ ಹೊಟ್ಟೆ ಕೆಡಬಾರದು, ಅಷ್ಟೇ ಅವರ ಬೇಡಿಕೆ. ನಮ್ಮನ್ನು ಕೂಡಿಸಿಕೊಂಡು ಅವರು ಬೇರೆ ಧರ್ಮೋಪದೇಶ ಮಾಡಿದ್ದು ನನಗೆ ನೆನಪಿಲ್ಲ.

ನರ್ಸಿನ ಕೆಲಸ ಕಲಿಸಿದವರು ಒಬ್ಬ ವಯಸ್ಸಾದ ಕನ್ಯಾಸ್ತ್ರೀ. ಬಹಳ ಬಿಗಿ ಹೆಂಗಸು. ಹಳ್ಳಿಗಳಲ್ಲಿ ಗಡಿಯಾರ ಎಲ್ಲಿಂದ ಬರಬೇಕು? ಅದಕ್ಕೆ ಅವರು ನಮಗೆ ಪ್ರಾರ್ಥನೆಯಿಂದ ಹೊತ್ತು ಅಳೆಯುವುದನ್ನು ಕಲಿಸಿದ್ದರು. ಮರಿಯಮ್ಮನವರಿಗೆ ನಾವು ಹೇಳುವ ಪುಟ್ಟ ಪ್ರಾರ್ಥನೆಯನ್ನು ಇಷ್ಟು ಸಲ ಹೇಳುವ ತನಕ ಸಾಬೂನು ಹಚ್ಚಿ ಮೊಣಕೈವರೆಗೆ ತಿಕ್ಕಬೇಕು, ಇಷ್ಟು ಸಲ ಹೇಳುವ ತನಕ ಕತ್ತರಿ ಕುದಿಯಬೇಕು, ಹೀಗೆ. ಅವಸರ ಮಾಡಿ ಪ್ರಾರ್ಥನೆ ನುಂಗಿದವಳ ಬೆರಳಿಗೆ ಕಟ್ಟಿಗೆಯ ಚಮಚದಿಂದ ಒಂದು ಏಟು. ಏಟು ತಿಂದವರಲ್ಲಿ ನಾನೇ ಮೊದಲಿಗಳು. ಹೀಗಾಗಿ ಕೆಲಸಕ್ಕೆ ಕೈ ಹಚ್ಚಿದರೆ ಸಾಕು, ನನ್ನ ತುಟಿ ತಾನಾಗಿಯೇ ಅಲ್ಲಾಡತೊಡಗುತ್ತಿತ್ತು.

ಈ ತುಟಿಯೇ ಮುಂದೆ ನನಗೆ ಮುಳುವಾಯಿತು. ಯಾಕೆಂದರೆ ನಮ್ಮಲ್ಲಿ ಒಂದು ಪದ್ಧತಿ ಉಂಟು. ಕೂಸು ಸಾಯುವ ಹಾಗಿದ್ದು ಪಾದ್ರಿಗಳು ಹತ್ತಿರ ಇಲ್ಲದಿದ್ದರೆ, ಯಾರಾದರೂ ಅದರ ತಲೆಯ ಮೇಲೆ ನೀರು ಸುರಿದು ನಾಲ್ಕು ಮಾತು ಹೇಳಿ ಜ್ಞಾನಸ್ನಾನ ಕೊಡಬಹುದು. ಅದು ಸಿಕ್ಕರೆ ಕೂಸು ಕ್ರೈಸ್ತವಾಗಿ ಸ್ವರ್ಗ ಸೇರುತ್ತದೆಂದು ನಮ್ಮ ನಂಬಿಕೆ. ನಮ್ಮವರ ಕೂಸುಗಳಿಗೆ ಕೊಟ್ಟರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಕೆಲವು ನರ್ಸುಗಳು ಬೇರೆಯವರ ಮನೆಯಲ್ಲೂ ಯಾರಿಗೂ ತಿಳಿಸದೆ ಹಾಗೆ ಮಾಡಿದ್ದುಂಟು, ಪುಣ್ಯದ ಕೆಲಸವೆಂದು ನಂಬಿ ಮಾಡಿದ್ದುಂಟು. ಮಾತು ಹಳ್ಳಿಹಳ್ಳಿಗೂ ಹಬ್ಬಿತ್ತು. ಕಿರಿಸ್ತಾನರ ನರ್ಸಬಾಯಿ ಬಂದರೆ ಕೂಸಿನ ತಲೆಗೆ ನೀರು ಹಾಕಿ ಜಾತಿ ಕೆಡಿಸಿ ಹೋಗುತ್ತಾಳೆ ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳು ಒದ್ದಾಡುತ್ತಿದ್ದರೂ ನನ್ನನ್ನು ಕರೆಯುತ್ತಿರಲಿಲ್ಲ.

ಹೀಗಿರುವಾಗ ಒಂದು ಶುಕ್ರವಾರ ಬೆಳಗಾಗುತ್ತಲೇ ಬೀಡಿ ಎಂಬ ಹಳ್ಳಿಯಿಂದ ಒಬ್ಬ ರೈತ ಚಕ್ಕಡಿ ಹೊಡೆದುಕೊಂಡು ದವಾಖಾನೆಗೆ ಬಂದ. ಹೆಸರು ಶಿವಪ್ಪ, ಲಿಂಗಾಯತರವ. ಹೆಂಡತಿ ನೀಲವ್ವನಿಗೆ ಹಿಂದಿನ ದಿನದಿಂದ ಬೇನೆ ನಡೆದಿದೆ, ಕೂಸು ಕಾಲು ಮುಂದೆ ಮಾಡಿದೆ, ಊರ ಸೂಲಗಿತ್ತಿ ಇದು ನನ್ನ ಕೈಯಿಂದ ಆಗದು ಎಂದು ಎದ್ದು ಹೋಗಿದ್ದಾಳೆ ಎಂದು ಹೇಳಿದ. ಮೊದಲು ಹುಟ್ಟಿದ ಕೂಸುಗಳು ಎರಡೂ ಉಳಿದಿರಲಿಲ್ಲ. ಡಾಕ್ಟರು ಬೆಳಗಾವಿಗೆ ಹೋಗಿದ್ದರು. ನಾನು ಚೀಲ ಎತ್ತಿಕೊಂಡು ಚಕ್ಕಡಿ ಹತ್ತಿದೆ. ದಾರಿಯಲ್ಲಿ ಶಿವಪ್ಪ ಹಿಂದಕ್ಕೆ ತಿರುಗದೆಯೇ, ನಮ್ಮ ಅವ್ವಗ ನೀವು ಬರೂದು ಮನಸ್ಸಿಲ್ಲ, ಆಕಿ ಏನರೆ ಅಂದ್ರ ಸಿಟ್ಟಾಗಬ್ಯಾಡ್ರಿ ಎಂದ. ಆಗಲಿ ಎಂದೆ. ಸಿಟ್ಟಾಗುವುದಿಲ್ಲ ಎಂದು ಮಾತ್ರ ಹೇಳಲಿಲ್ಲ.

ಮನೆಯ ಹೊಸ್ತಿಲಲ್ಲೇ ಅವನ ತಾಯಿ ಚನ್ನವ್ವ ಆಯಿ ಎರಡೂ ಬಾಗಿಲಿಗೆ ಕೈ ಕೊಟ್ಟು ನಿಂತಿದ್ದರು. ಎತ್ತರದ ಹೆಂಗಸು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಒಳಗಿನಿಂದ ನೀಲವ್ವ ನರಳುವುದು ಕೇಳುತ್ತಿತ್ತು. ಆಯಿ ದನಿ ಏರಿಸದೆ ಹೇಳಿದರು:

"ನೋಡ್ರಿ ನರ್ಸಬಾಯಾರ, ಸೊಸಿ ಜೀವಕ್ಕ ಬಂದೈತಂತ ಒಳಗ ಬಿಡಾಕತ್ತೀನಿ. ಆದ್ರ ನಿಮ್ಮ ನೀರು ನಮ್ಮ ಕೂಸಿನ ತಲಿಗಿ ಬೀಳಬಾರದು. ಸಾಯೂ ಕೂಸಿದ್ರೂ ಅದು ನಮ್ಮ ಕೂಸಾಗೇ ಸಾಯಲಿ."

ಆ ಮಾತು ನನಗೆ ಚುರ್ ಎಂದಿತು. ಇಷ್ಟು ದೂರ ಮೈ ಕೈ ನುಗ್ಗು ಮಾಡಿಕೊಂಡು ಬಂದವಳಿಗೆ ಕಳ್ಳಿಗೆ ಹೇಳುವಂತೆ ಹೇಳಿದರಲ್ಲ ಎಂದು ಸಿಟ್ಟು ಬಂತು. ಆದರೆ ಅವರ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ತಣ್ಣಗಾದೆ.

"ಆಯಿ, ನಿಮ್ಮನ್ನ ಕೇಳದ ನಾ ಒಂದ ಹನಿ ನೀರೂ ಅದರ ತಲಿಗಿ ಹಾಕೂದಿಲ್ಲ. ಇದು ನನ್ನ ಮಾತು," ಎಂದೆ. ಅವರು ಬಾಗಿಲು ಬಿಟ್ಟರು.

ಕೋಣೆಯೊಳಗೆ ಹೋಗಿ ಮೊದಲು ಕಿಟಕಿ ತೆಗೆಸಿದೆ. ಬಿಸಿನೀರು, ತಣ್ಣೀರು ಎರಡನ್ನೂ ಬೋಗುಣಿಗಳಲ್ಲಿ ತರಿಸಿ ಇಟ್ಟುಕೊಂಡೆ. ಕೈ ತೊಳೆಯಲು ಕುಳಿತಾಗ ಎಂದಿನಂತೆ ನನ್ನ ತುಟಿ ಅಲ್ಲಾಡಿತು. ಆಯಿ ಗೋಡೆಗೆ ಒರಗಿ ಕುಳಿತು ಅದನ್ನೇ ನೋಡುತ್ತಿದ್ದರು. ಈಕೆ ಏನು ಮಂತ್ರ ಹಾಕುತ್ತಿದ್ದಾಳೋ ಎಂದು ಅವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ನನಗೆ ಅದನ್ನು ಬಿಡಿಸಿ ಹೇಳುವ ಪುರಸೊತ್ತು ಇರಲಿಲ್ಲ, ಹೇಳಬೇಕೆಂದು ಹೊಳೆಯಲೂ ಇಲ್ಲ.

ನೀಲವ್ವ ಗಟ್ಟಿಗಿತ್ತಿ. ಸುಸ್ತಾಗಿ ಕಣ್ಣು ಮುಚ್ಚುತ್ತಿದ್ದವಳು ನಾನು ಬೈದರೆ ಮತ್ತೆ ಕಣ್ಣು ಬಿಡುತ್ತಿದ್ದಳು. ನಾನೂ ಬೈಯುವುದರಲ್ಲಿ ಕಡಿಮೆ ಮಾಡಲಿಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಒಳಗೆ ಬಿದ್ದ ಹೊತ್ತಿಗೆ ಕಾಲು ಬಂತು, ಸೊಂಟ ಬಂತು, ಭುಜ ಬಂತು. ತಲೆ ಮಾತ್ರ ಬಹಳ ಕಾಡಿಸಿತು. ಕೊನೆಗೆ ಕೂಸು ನನ್ನ ಕೈಗೆ ಬಂದಾಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಗಂಡು ಕೂಸು. ಅಳು ಇಲ್ಲ, ಉಸಿರಿಲ್ಲ. ಎದೆಗೆ ಬೆರಳು ಇಟ್ಟು ನೋಡಿದೆ. ಎಲ್ಲೋ ಆಳದಲ್ಲಿ ಬಡಿತ ಇತ್ತು.

ಬೆರಳಿಗೆ ಬಟ್ಟೆ ಸುತ್ತಿ ಬಾಯೊಳಗಿನದೆಲ್ಲ ತೆಗೆದೆ. ಬೆನ್ನು ತಿಕ್ಕಿದೆ, ಅಂಗಾಲಿಗೆ ಹೊಡೆದೆ. ಏನೂ ಆಗಲಿಲ್ಲ. ಅಷ್ಟರಲ್ಲಿ ಆಯಿ ಎದ್ದು ಹೋಗಿ ದೇವರ ಜಗಲಿಯ ಮೇಲಿದ್ದ ಪುಟ್ಟ ತಂಬಿಗೆ ತಂದರು. ಮಠದ ಅಯ್ಯನವರು ಕೊಟ್ಟ ತೀರ್ಥ. ಹೋಗುವ ಜೀವದ ಬಾಯಿಗೆ ಒಂದು ಹನಿ ಬಿಡಬೇಕು ಎಂದು ಅವರ ಆಸೆ. ಉಸಿರಿಲ್ಲದ ಕೂಸಿನ ಬಾಯಿಗೆ ನೀರು ಬಿದ್ದರೆ ಇದ್ದ ಒಂದು ದಾರಿಯೂ ಮುಚ್ಚುತ್ತದೆ. ನಾನು ಅವರ ಕೈಯನ್ನು ಮೊಣಕೈಯಿಂದ ತಳ್ಳಿ, ಬಾಯಿಗೆ ನೀರು ಬೇಡ ಎಂದು ಗದರಿದೆ. ಸ್ವಲ್ಪ ತೀರ್ಥ ನೆಲಕ್ಕೆ ಚೆಲ್ಲಿತು.

ನಮಗೆ ಕಲಿಸಿದ್ದ ಕೊನೆಯ ಉಪಾಯ ಒಂದು ಉಳಿದಿತ್ತು. ಕೂಸನ್ನು ಕೈ ತಾಳುವಷ್ಟು ಬಿಸಿನೀರಿನಲ್ಲಿ ಕುತ್ತಿಗೆಯವರೆಗೆ ಹಿಡಿಯುವುದು, ಒಂದು ಪ್ರಾರ್ಥನೆ ಮುಗಿಯುವಷ್ಟು ಹೊತ್ತು. ಆಮೇಲೆ ಎತ್ತಿ ಎದೆಗೂ ಕತ್ತಿನ ಹಿಂದಕ್ಕೂ ತಣ್ಣೀರು ಹೊಡೆಯುವುದು. ಮತ್ತೆ ಬಿಸಿನೀರು. ತಣ್ಣೀರಿಗೆ ಬೆಚ್ಚಿ ಬಿದ್ದಾದರೂ ಕೂಸು ಉಸಿರು ಎಳೆದುಕೊಳ್ಳುತ್ತದೆ ಎಂದು ಲೆಕ್ಕ. ಈಗಿನ ಡಾಕ್ಟರುಗಳು ಹೀಗೆ ಮಾಡುವುದಿಲ್ಲವಂತೆ, ನನ್ನ ಮೊಮ್ಮಗಳು ಕೇಳಿ ನಕ್ಕಳು. ನಮಗೆ ಆಗ ಇದ್ದದ್ದು ಅದೇ.

ಬಿಸಿನೀರಿನಲ್ಲಿ ಹಿಡಿದೆ. ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆ ಮುಗಿಯಿತು, ಎತ್ತಿದೆ, ಬಲಗೈಯಿಂದ ತಣ್ಣೀರು ಮೊಗೆದು ಕುತ್ತಿಗೆಯ ಹತ್ತಿರ ತಂದೆ. ಅಷ್ಟರಲ್ಲಿ ನನ್ನ ಮಣಿಕಟ್ಟಿನ ಮೇಲೆ ಇಕ್ಕಳ ಹಾಕಿದಂತೆ ಚನ್ನವ್ವ ಆಯಿಯ ಹಿಡಿತ ಬಿತ್ತು. ನೀರೆಲ್ಲ ಬೆರಳ ಸಂದಿಯಿಂದ ಸೋರಿಹೋಯಿತು.

"ನಮ್ಮ ತೀರ್ಥ ಬ್ಯಾಡ, ನಿನ್ನ ನೀರು ಆಗತೈತೇನು? ಬಾಯಾಗ ನಿನ್ನ ಮಂತ್ರ ಬ್ಯಾರೆ. ಹೊಸ್ತಿಲದಾಗ ಏನ್ ಮಾತು ಕೊಟ್ಟಿದ್ದಿ ನನಗ?"

ಅವರ ಕಡೆಯಿಂದ ನೋಡಿದರೆ ಅವರು ಅಂದದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕಿರಿಸ್ತಾನರ ಹೆಂಗಸು, ಸಾಯುವ ಕೂಸು, ತಲೆಯ ಹತ್ತಿರ ನೀರು, ಬಾಯಲ್ಲಿ ಪ್ರಾರ್ಥನೆ. ಊರವರು ಹೇಳಿದ್ದೆಲ್ಲ ಅವರ ಕಣ್ಣೆದುರೇ ನಡೆದಿತ್ತು. ಆದರೆ ನನ್ನ ಎಡಗೈಯಲ್ಲಿ ಕೂಸು ತಣ್ಣಗಾಗುತ್ತಿತ್ತು. ಇದು ಹೀಗೆ, ಅದು ಹಾಗೆ ಎಂದು ತಿಳಿಸಿ ಹೇಳುತ್ತ ಕುಳಿತರೆ ಅದು ಹೋಗಿಯೇ ಬಿಡುತ್ತಿತ್ತು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಿಬಿಡುತ್ತೇನೆ. ಅದೇ ಗಳಿಗೆಯಲ್ಲಿ ನನ್ನ ಮನಸ್ಸು ನನ್ನನ್ನೇ ಕೇಳಿತು: ಕೂಸು ಹೋಗುವುದು ಖರೆಯಾದರೆ? ಒದ್ದೆ ಬೆರಳಿನಿಂದ ಹಣೆಗೆ ನಾಲ್ಕು ಹನಿ ಇಳಿಸಿ ಪಿಸುದನಿಯಲ್ಲಿ ನಾಲ್ಕು ಮಾತು ಹೇಳಿದರೆ ಯಾರಿಗೆ ಗೊತ್ತಾಗುತ್ತದೆ? ಚಿಕ್ಕಂದಿನಿಂದ ಕಲಿತದ್ದು ಅದು. ನಾನು ಅದನ್ನು ನಂಬಿದವಳು, ಇವತ್ತಿಗೂ ನಂಬುತ್ತೇನೆ. ಆದರೆ ಆ ಮುದುಕಿ ನನ್ನನ್ನು ನಂಬಿ ಬಾಗಿಲು ಬಿಟ್ಟಿದ್ದರು. ನಂಬಿದವರ ಮನೆಯಲ್ಲಿ ಕಳ್ಳತನ ಮಾಡಿ ದೇವರಿಗೆ ಒಪ್ಪಿಸಲು ನನ್ನಿಂದ ಆಗಲಿಲ್ಲ.

"ಆಯಿ, ನೀವ ಹಾಕ್ರಿ," ಎಂದೆ. "ನಿಮ್ಮ ತೀರ್ಥ ಈ ತಣ್ಣೀರಾಗ ಸುರೀರಿ. ನೀವ ಮೊಗೀರಿ, ಎದಿಗಿ ಹೊಡೀರಿ. ಬಾಯಿಗಿ ಮಾತ್ರ ಬ್ಯಾಡ. ನಾ ಬಾಯಿ ಮುಚಗೊಂಡಿರತೀನಿ. ನೀವು ನಿಮ್ಮ ದೇವರನ್ನ ನೆನಸ್ರಿ, ಜೋರ ನೆನಸ್ರಿ, ನನಗ ಹೊತ್ತು ತಿಳೀಬೇಕು."

ಹಿಡಿತ ಸಡಿಲಾಗಲಿಲ್ಲ. ಆಗ ಹಾಸಿಗೆಯ ಮೇಲಿಂದ, ಇಷ್ಟು ಹೊತ್ತು ಸತ್ತವಳಂತೆ ಬಿದ್ದಿದ್ದ ನೀಲವ್ವ ಅಂದಳು, "ಅತ್ತಿ, ಹಾಕ್ರಿ." ಎರಡೇ ಮಾತು.

ಆಯಿ ಕೈ ಬಿಟ್ಟರು. ತಂಬಿಗೆಯಲ್ಲಿ ಉಳಿದಿದ್ದ ತೀರ್ಥವನ್ನೆಲ್ಲ ತಣ್ಣೀರಿನ ಬೋಗುಣಿಗೆ ಸುರಿದು, ನೆಲಕ್ಕೆ ಕುಕ್ಕರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಓಂ ನಮಃ ಶಿವಾಯ ಎಂದು ಶುರು ಮಾಡಿದರು. ಮೊದಲು ಮೆಲ್ಲಗೆ, ಆಮೇಲೆ ಇಡೀ ಮನೆಗೆ ಕೇಳುವಂತೆ ಹೇಳಿದರು. ನಾನು ಕೂಸನ್ನು ಬಿಸಿನೀರಿನಲ್ಲಿ ಹಿಡಿದು ಅವರ ಮಂತ್ರ ಎಣಿಸಿದೆ. ನನ್ನ ಪ್ರಾರ್ಥನೆಯಷ್ಟು ಹೊತ್ತಾಯಿತು ಅನಿಸಿದಾಗ ಎತ್ತಿ, ಈಗ ಎಂದೆ. ಆಯಿ ನೀರು ಹೊಡೆದರು. ಏನೂ ಇಲ್ಲ. ಮತ್ತೆ ಬಿಸಿನೀರು, ಮತ್ತೆ ಮಂತ್ರ, ಮತ್ತೆ ಈಗ ಎಂದೆ. ಬೀಳಬೇಕಾದಲ್ಲೇ ಸರಿಯಾಗಿ ಬೀಳುತ್ತಿತ್ತು ನೀರು. ಮುದುಕಿ ಒಳ್ಳೆ ನರ್ಸಾಗುತ್ತಿದ್ದರು.

ಎಷ್ಟನೆಯ ಸಲವೋ ತಿಳಿಯದು, ಕೂಸು ಮುಖ ಕಿವುಚಿತು. ಒಂದು ಸೀನು ಬಂತು, ಬೆಕ್ಕಿನ ಮರಿಯ ಸೀನಿನಷ್ಟು. ಆಮೇಲೆ ಎದೆ ಎದ್ದಿತು. ಆಮೇಲೆ ಅದು ಅತ್ತ ಅಳು ಏನು ಹೇಳಲಿ! ಹೊರಗೆ ಪಡಸಾಲೆಯಲ್ಲಿ ಕೂತಿದ್ದ ಶಿವಪ್ಪ ಯಾರನ್ನೂ ಕೇಳದೆ ಕೋಣೆಯೊಳಗೆ ಬಂದುಬಿಟ್ಟ. ನಾನು ಬೈದು ಹೊರಗೆ ಕಳಿಸಿದೆ. ಬೈಯುವಾಗ ನಾನೇ ಅಳುತ್ತಿದ್ದೆ, ಹಾಗಾಗಿ ಆ ಬೈಗುಳಕ್ಕೆ ಅಷ್ಟು ಬೆಲೆ ಬರಲಿಲ್ಲ.

ಎಲ್ಲ ತೊಳೆದು, ತಾಯಿ ಕೂಸನ್ನು ಒಂದು ಕಡೆ ಮಲಗಿಸಿದ ಮೇಲೆ ಪಡಸಾಲೆಯಲ್ಲಿ ನನಗೆ ಪತ್ರಾವಳಿ ಹಾಕಿದರು. ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ. ಉಪವಾಸದ ಶುಕ್ರವಾರ ಮಾಂಸ ಮುಟ್ಟುವಂತಿಲ್ಲ, ಲಿಂಗಾಯತರ ಮನೆಯಲ್ಲಿ ಆ ಅಂಜಿಕೆಯೂ ಇಲ್ಲ. ಬಡಿಸುತ್ತಿದ್ದ ಆಯಿ, ಬಾಯಲ್ಲಿ ಅದೇನು ಅನ್ನುತ್ತಿದ್ದಿರಿ ಎಂದು ಕೇಳಿದರು. ನಾನು ಆ ಕನ್ಯಾಸ್ತ್ರೀಯ ಕಥೆ, ಚಮಚದ ಏಟಿನ ಕಥೆ ಎಲ್ಲ ಹೇಳಿದೆ. ಅದು ಜಾತಿ ಕೆಡಿಸುವ ಮಂತ್ರವಲ್ಲ, ಹೊತ್ತು ಎಣಿಸುವ ಪ್ರಾರ್ಥನೆ ಎಂದೆ. ಕೈ ಸ್ವಚ್ಛ ಇರಲಿ, ತಾಯಿ ಕೂಸು ಉಳಿಯಲಿ ಎಂದು ಬೇಡಿಕೊಳ್ಳುವುದೂ ಅದರಲ್ಲೇ ಆಗುತ್ತದೆ ಎಂದೆ.

"ದೇವರನ್ನ ಗಡಿಯಾರ ಮಾಡೀರಲ್ರಿ ನೀವು," ಎಂದರು ಆಯಿ. ಅವರು ನಕ್ಕದ್ದನ್ನು ಅವತ್ತೇ ಮೊದಲು ನೋಡಿದೆ. ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದರು.

ಖಾನಾಪುರಕ್ಕೆ ಮರಳಿದ ಮೇಲೆ ನನ್ನ ಮನಸ್ಸಿಗೆ ಸಮಾಧಾನ ಇರಲಿಲ್ಲ. ಕೂಸು ಉಳಿಯಿತು, ಸರಿ. ಉಳಿಯದೇ ಹೋಗಿದ್ದರೆ? ಆ ಭಾನುವಾರ ರೈಲು ಹತ್ತಿ ಬೆಳಗಾವಿಗೆ ಹೋದೆ. ಪೂಜೆ ಮುಗಿದ ಮೇಲೆ ನಮ್ಮ ಮುದಿ ಪಾದ್ರಿಗಳ ಹತ್ತಿರ ನಡೆದದ್ದನ್ನೆಲ್ಲ ಹೇಳಿದೆ. ಅವರು ಎಲ್ಲವನ್ನೂ ಕೇಳಿ, ಕೂಸು ಅತ್ತಿತೇ ಎಂದರು. ಜೋರಾಗಿ ಅತ್ತಿತು ಎಂದೆ. ದೇವರು ನಿನಗೆ ಆ ಮನೆಯಲ್ಲಿ ಹೆರಿಗೆಯ ಕೆಲಸ ಕೊಟ್ಟಿದ್ದ, ನೀನು ಅದನ್ನು ಮಾಡಿದೆ, ಉಳಿದದ್ದನ್ನು ಅವನ ಕೈಗೆ ಬಿಟ್ಟೆ, ಇನ್ನೇನು ಬೇಕಿತ್ತು ಎಂದು ಕೊಂಕಣಿಯಲ್ಲಿ ಕೇಳಿದರು. ಆಮೇಲೆ, ನಿಮ್ಮ ಅಪ್ಪನ ಪಾವು ಈಚೆಗೆ ಸ್ವಲ್ಪ ಗಟ್ಟಿಯಾಗುತ್ತಿದೆ, ಹೇಳು ಎಂದರು. ನಾನು ಹಗುರಾಗಿ ಮನೆಗೆ ಹೋದೆ. ಪಾವಿನ ಮಾತನ್ನು ತಂದೆಗೆ ಹೇಳಲಿಲ್ಲ.

ಆಮೇಲೆ ನಾನು ಒಂದು ರೂಢಿ ಮಾಡಿಕೊಂಡೆ. ಬೇರೆಯವರ ಮನೆಗೆ ಹೋದಾಗ ತುಟಿ ಬಿಗಿಯಾಗಿ ಮುಚ್ಚಿ ಒಳಗೊಳಗೇ ಪ್ರಾರ್ಥನೆ ಹೇಳುವುದು. ಯಾರಿಗೂ ಸಂಶಯ ಬರಬಾರದು ನೋಡಿ. ಕಷ್ಟವಾಯಿತು, ಆದರೂ ಕಲಿತೆ. ಬೀಡಿಯ ಕಡೆಯಿಂದ ಒಂದೊಂದಾಗಿ ಕರೆ ಬರತೊಡಗಿದವು. ಕಾರಣ ಯಾರೆಂದು ನನಗೆ ಗೊತ್ತಿತ್ತು.

ಮುಂದಿನ ವರ್ಷ ಸುಗ್ಗಿಯ ಹೊತ್ತಿಗೆ ಅದೇ ಓಣಿಯ ಇನ್ನೊಂದು ಮನೆಯಿಂದ ಕರೆ ಬಂತು. ಹೋಗಿ ನೋಡಿದರೆ ಚನ್ನವ್ವ ಆಯಿ ಆಗಲೇ ಅಲ್ಲಿ ಕೂತಿದ್ದರು, ಸೊಂಟದ ಮೇಲೆ ಮೊಮ್ಮಗ. ಗುಂಡಗೆ ಬೆಳೆದಿದ್ದ, ಕೊರಳಲ್ಲಿ ಪುಟ್ಟ ಲಿಂಗ. ನನ್ನನ್ನು ಕಂಡು ಅತ್ತ. ಮನೆಯ ಹಿರಿಯ ಹೆಂಗಸು ಹೊಸ್ತಿಲಲ್ಲಿ ಅನುಮಾನಿಸುತ್ತ ನಿಂತಿದ್ದಳು. ಆಯಿ ಆಕೆಯನ್ನು ಪಕ್ಕಕ್ಕೆ ಸರಿಸಿ ನನ್ನನ್ನು ಒಳಗೆ ಕರೆದುಕೊಂಡರು. ಮೊಮ್ಮಗನನ್ನು ಅವಳ ಕೈಗೆ ಕೊಟ್ಟು ತಾವೇ ಬಿಸಿನೀರು, ತಣ್ಣೀರು ತಂದು ನನ್ನ ಎರಡೂ ಕಡೆ ಇಟ್ಟರು.

ಆ ಕೂಸೂ ಹುಟ್ಟಿದಾಗ ಅಳಲಿಲ್ಲ. ಬಣ್ಣ ಅಷ್ಟು ಕೆಟ್ಟಿರಲಿಲ್ಲ, ಆದರೆ ಅಳಲಿಲ್ಲ. ಬಿಸಿನೀರಿನಲ್ಲಿ ಹಿಡಿದೆ. ಸುತ್ತ ಹೆಂಗಸರು ಬಾಗಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹಲ್ಲು ಕಚ್ಚಿ ಬಾಯಿ ಮುಚ್ಚಿ ಒಳಗೇ ಎಣಿಸುತ್ತಿದ್ದೆ. ಚನ್ನವ್ವ ಆಯಿ ಎದುರಿಗೆ ಕುಕ್ಕರಿಸಿ ಕೂತು ನನ್ನ ತುಟಿ ನೋಡಿದರು. ಮತ್ತೆ ಕೈ ಚಾಚಿ, ಅದೇ ಮಣಿಕಟ್ಟನ್ನು ಹಿಡಿದರು. ಈ ಸಲ ಮೆಲ್ಲಗೆ.

"ಬಾಯಿ ಯಾಕ ಮುಚಗೊಂಡೀರಿ? ಅವತ್ತ ಹೇಳತಿದ್ರೆಲ್ಲ, ಅದನ್ನ ಹೇಳ್ರಿ. ಎಲ್ಲಾರೂ ಕೇಳಲಿ. ಜೋರ ಹೇಳ್ರಿ."

ನಾನು ಬಾಯಿ ತೆರೆದೆ. ಸಾವಿರ ಸಲ ಹೇಳಿದ ಪ್ರಾರ್ಥನೆ, ಅರ್ಧಕ್ಕೆ ಬಂದಾಗ ಮುಂದಿನದು ಮರೆತುಹೋಯಿತು. ನಾನು ತಡವರಿಸಿ ನಿಂತಲ್ಲಿ ಆಯಿ, ಹೂಂ ಮುಂದ ಎಂಬಂತೆ ತಲೆಯಾಡಿಸಿದರು, ತಣ್ಣೀರು ಮೊಗೆದ ಕೈಯನ್ನು ಹಾಗೇ ಸಿದ್ಧ ಹಿಡಿದುಕೊಂಡು. ಪ್ರಾರ್ಥನೆ ಮುಗಿಯುವ ಮೊದಲೇ, ನೀರು ಹೊಡೆಯುವ ಮೊದಲೇ, ಕೂಸು ಅತ್ತಿತು.

ಆಯಿ ತೀರಿಹೋಗಿ ಬಹಳ ಕಾಲವಾಯಿತು. ನಾನೂ ಕೆಲಸ ಬಿಟ್ಟು ಕ್ಯಾಂಪಿನ ಮನೆಯಲ್ಲಿ ಕುಳಿತಿದ್ದೇನೆ. ಈಗ ಅಳೆಯಲು ಹೊತ್ತು ಯಾವುದೂ ಇಲ್ಲ, ಆದರೂ ಸಂಜೆ ಜಪಮಾಲೆ ಹಿಡಿದು ಕೂತಾಗ ಒಮ್ಮೊಮ್ಮೆ ದನಿ ಇಳಿದು ಬರೀ ತುಟಿ ಅಲ್ಲಾಡುತ್ತದೆ. ಆಗ ನನ್ನ ಬಲಗೈಯ ಮಣಿಕಟ್ಟಿನ ಮೇಲೆ ಆ ಒದ್ದೆ ಬೆರಳುಗಳು ಬಂದ ಹಾಗೆ ಆಗುತ್ತದೆ. ನಾನು ದನಿ ಏರಿಸುತ್ತೇನೆ. ಸೊಸೆ ಒಳಗಿನಿಂದ, ದೇವರಿಗೇನು ಕಿವಿ ಕೇಳಿಸುವುದಿಲ್ಲವೇ ಎನ್ನುತ್ತಾಳೆ. ಜೋರಾಗಿ ಹೇಳು ಎಂದವರು ಹೇಳಿ ಹೋಗಿದ್ದಾರೆ, ಹೇಳುತ್ತೇನೆ ಎನ್ನುತ್ತೇನೆ.